ಮನೆ–ಅಂಗಳದ ನಲವತ್ತೆಂಟು ಎಲೆಗಳು

ಡೆಲ್ಫೀನ್ ಫೋನ್ ಮಾಡಿದ್ದು ನವೆಂಬರಿನ ಮೊದಲ ವಾರ. ನಾನು ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದೆ. ತನ್ನ ಗಂಡ ಆರಿನ್‌ಗೆ ಇನ್ನು ಮೆಟ್ಟಿಲು ಹತ್ತಲು ಆಗುವುದಿಲ್ಲ, ಅವನ ಮಂಚವನ್ನು ಕೆಳಗಿನ ಕೋಣೆಗೆ ತರಬೇಕು, ಅಲ್ಲಿರುವ ಇಸ್ಪೀಟೆಲೆಗಳ ಬೀರುಗಳನ್ನೆಲ್ಲ ಸಾಗಹಾಕುತ್ತಿದ್ದೇನೆ ಎಂದಳು. ಹೆಚ್ಚಿನದನ್ನು ಪೋರ್ಟ್‌ಲ್ಯಾಂಡಿನ ಒಬ್ಬ ವ್ಯಾಪಾರಿ ಒಯ್ಯುತ್ತಾನಂತೆ.

"ಆದ್ರೆ 'ಮನೆ ಮತ್ತು ಅಂಗಳ' ಕಟ್ಟು ಮಾತ್ರ ನಿಂಗೇ ಕಣೇ ವರ್ನಾ. ಬೇಕಿದ್ರೆ ಬಂದು ತಗೊಂಡ್ಹೋಗು. ಅದನ್ನ ಕಾಯ್ಕೊಂಡು ಕೂರೋಕೆ ಇನ್ನು ನನ್ನ ಕೈಲಾಗಲ್ಲ."

ಇಪ್ಪತ್ತೆರಡು ವರ್ಷದಿಂದ ನಾನು ಕೇಳಲು ಕಾದಿದ್ದ ಮಾತು. ಕೇಳಿದಾಗ ಸಂತೋಷಕ್ಕಿಂತ ಮೊದಲು ಬಂದದ್ದು, ಮೂರೂವರೆ ಗಂಟೆ ಕಾರು ಓಡಿಸಬೇಕಲ್ಲ ಎಂಬ ಆಯಾಸ.

ನಾನು ಕೀನ್ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಲೈಬ್ರರಿ ನೋಡಿಕೊಂಡವಳು. ಒಂಟಿ. ಹಳೆಯ ಇಸ್ಪೀಟೆಲೆಗಳನ್ನು, ಅದರಲ್ಲೂ ಮಕ್ಕಳ ಕಲಿಕೆಗೆಂದು ನೂರೈವತ್ತು ವರ್ಷದ ಹಿಂದೆ ಅಚ್ಚು ಹಾಕುತ್ತಿದ್ದ ಎಲೆಗಳನ್ನು ಕೂಡಿಡುವುದು ನನ್ನ ಚಟ. ಆಗ ನಮ್ಮ ಕಡೆಯ ದೈವಭಕ್ತರ ಮನೆಗಳಲ್ಲಿ ರಾಜ, ರಾಣಿ, ಗುಲಾಮರಿದ್ದ ಎಲೆಗಳಿಗೆ ಪ್ರವೇಶವಿರಲಿಲ್ಲ. ಅವು ಸೈತಾನನ ಸಾಮಾನು. ಆದರೆ ನದಿಗಳ ಹೆಸರು, ಹಕ್ಕಿಗಳ ಹೆಸರು, ಕೂಡುವ ಕಳೆಯುವ ಲೆಕ್ಕ ಬರೆದ ಎಲೆಗಳಾದರೆ ಭಾನುವಾರ ಮಧ್ಯಾಹ್ನವೂ ಆಡಬಹುದಿತ್ತು. ಮಕ್ಕಳು ಆಡಿ ಆಡಿ ಹರಿದು ಹಾಕಿದ್ದರಿಂದಲೇ ಅವು ಇಂದು ಸಿಗುವುದಿಲ್ಲ. ಸಿಕ್ಕರೂ ನಾಲ್ಕು ಎಲೆ ಕಮ್ಮಿ, ಪೆಟ್ಟಿಗೆ ಇಲ್ಲ, ಆಟದ ನಿಯಮದ ಹಾಳೆ ಇಲ್ಲ.

'ಮನೆ ಮತ್ತು ಅಂಗಳ' ಹಾಗಿರಲಿಲ್ಲ. ನಲವತ್ತೆಂಟು ಎಲೆ, ಹನ್ನೆರಡು ಗುಂಪು, ಗುಂಪಿಗೆ ನಾಲ್ಕು. ಅಡುಗೆಮನೆ, ಕೊಟ್ಟಿಗೆ, ಸೌದೆಮನೆ, ತೋಟ ಹೀಗೆ. ಪ್ರತಿ ಎಲೆಯ ಮೇಲೂ ಒಂದು ವಸ್ತುವಿನ ಚಿತ್ರ, ಯಾರೋ ಕೂತು ಕುಂಚದಿಂದ ಬಣ್ಣ ತುಂಬಿದ್ದು. ಕೆಳಗೆ ಒಂದು ಸಾಲು ಪದ್ಯ. ಚೌಕಾಕಾರದ ಮರದ ಪೆಟ್ಟಿಗೆ. ಒಂದೂ ಕಳೆದಿಲ್ಲ, ಒಂದರ ಮೂಲೆಯೂ ಮಡಚಿಲ್ಲ. ಯಾವುದೋ ಮನೆಯಲ್ಲಿ ಅದನ್ನು ತಂದಿಟ್ಟ ಮೇಲೆ ಆಡುವ ಮಗುವೇ ಉಳಿದಿರಲಿಕ್ಕಿಲ್ಲ ಎಂದು ನನಗೆ ಅನಿಸುತ್ತಿತ್ತು. ಅಂಥ ಇನ್ನೊಂದು ಕಟ್ಟು ಇದೆಯೆಂದು ನಾನು ಕೇಳಿಲ್ಲ.

ಅದು ಆರಿನ್ ಪೆಲ್ಕಿಯ ಪಾಲಾದದ್ದು ನನ್ನದೇ ತಪ್ಪಿನಿಂದ. ವರ್ಮಂಟಿನ ಒಂದು ಹೊಲಮನೆಯ ಹರಾಜಿನಲ್ಲಿ, ಅದರ ಸರದಿಗೆ ಮುಂಚೆ ಇನ್ನೂ ಎಂಟು ಸಾಮಾನು ಬಾಕಿಯಿದೆ ಎಂದುಕೊಂಡು ನಾನು ಕಾಫಿ ತರಲು ಹೋದೆ. ಬರುವಷ್ಟರಲ್ಲಿ ಆ ಪೆಟ್ಟಿಗೆ ಒಬ್ಬ ಅಪರಿಚಿತನ ಕಂಕುಳಲ್ಲಿತ್ತು. ಉಣ್ಣೆ ಗಿರಣಿಯಲ್ಲಿ ಬಣ್ಣ ಹಾಕುವವರ ಮೇಸ್ತ್ರಿ, ಬೆರಳ ಉಗುರಿನಲ್ಲೆಲ್ಲ ನೀಲಿ. "ಕಾಫಿ ಚೆನ್ನಾಗಿತ್ತಾ?" ಎಂದು ಕೇಳಿದ. ಅಲ್ಲಿಂದ ನಮ್ಮ ಸ್ನೇಹ. ಪ್ರತಿ ಹೊಸ ವರ್ಷಕ್ಕೂ ಒಂದು ಅಂಚೆ ಕಾರ್ಡು ಬರೆಯುತ್ತಿದ್ದ. ಅದರಲ್ಲಿ ಒಂದೇ ಸಾಲು: ನಲವತ್ತೆಂಟೂ ಇವೆ. ಮಾರುತ್ತೀಯಾ ಎಂದು ನಾನೂ ಪ್ರತಿ ವರ್ಷ ಕೇಳುತ್ತಿದ್ದೆ. ಅವನ ಮನೆಗೆ ಹೋದರೆ ಎಲೆ ತೋರಿಸುವ ಮುಂಚೆ ಸೋಪು ಹಾಕಿ ಕೈ ತೊಳೆಸಿ, ಒರೆಸಿ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಎರಡೂ ಬದಿ ತೋರಿಸಲು ಹೇಳುತ್ತಿದ್ದ. ಡೆಲ್ಫೀನ್‌ಗಂತೂ ಆ ಪೆಟ್ಟಿಗೆ ಮುಟ್ಟಲು ಬಿಟ್ಟದ್ದೇ ಇಲ್ಲ.

ಏಪ್ರಿಲಿನಲ್ಲಿ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಪದ, 'ಮಂಗಳವಾರ'. ಹಸಿವಾದರೂ ಮಂಗಳವಾರ, ಬಾಯಾರಿದರೂ ಮಂಗಳವಾರ, ಸಿಟ್ಟು ಬಂದರೂ ಅದೇ. ಅದೇ ಯಾಕೆ ಉಳಿಯಿತು ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಮಾತು ಕಲಿಸುವ ಒಬ್ಬ ಹುಡುಗಿ ವಾರಕ್ಕೆರಡು ಸಲ ಬರುತ್ತಿದ್ದಳಂತೆ. ಹೊಳೆಯುವ ಪ್ಲಾಸ್ಟಿಕ್ಕಿನ ಚಿತ್ರಗಳನ್ನು ಅವನ ಮುಂದೆ ಹಿಡಿದು ಇದೇನು, ಅದೇನು ಎಂದು ಕೇಳುವುದು. ಅವನು ಎಡಗೈಯಿಂದ ಎಲ್ಲವನ್ನೂ ನೆಲಕ್ಕೆ ಬಳಿದುಬಿಡುತ್ತಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಬರುವುದೂ ನಿಂತಿತು.

ನಾನು ಹೋದಾಗ ಡೆಲ್ಫೀನ್ ಬಾಗಿಲು ತೆಗೆದಳು. ಏಳು ತಿಂಗಳಲ್ಲಿ ಹತ್ತು ವರ್ಷ ಕಳೆದವಳ ಹಾಗೆ ಕಂಡಳು. ಸ್ವೆಟರನ್ನು ತಿರುವುಮುರುವಾಗಿ ಹಾಕಿಕೊಂಡಿದ್ದಳು. ರಾತ್ರಿ ನಾಲ್ಕು ಸಲ ಏಳಬೇಕು, ಅಂಗಿಯ ಗುಂಡಿ ಹಾಕಬೇಕು, ತಿನಿಸಬೇಕು, ಅವನೇನು ಕೇಳುತ್ತಿದ್ದಾನೆ ಎಂದು ಇಪ್ಪತ್ತು ವಸ್ತು ತಂದು ತೋರಿಸಬೇಕು, ಇಪ್ಪತ್ತಕ್ಕೂ ಅಲ್ಲವೆಂದು ತಲೆಯಾಡಿಸುತ್ತಾನೆ ಎಂದು ಬೇರೆ ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು. ಆರಿನ್ ಅಡುಗೆಮನೆಯ ಮೇಜಿನ ಹತ್ತಿರ, ಕತ್ತಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ. ಮುಂದೆ ಹಳದಿ ಬಟಾಣಿಯ ಸೂಪು. ನನ್ನನ್ನು ನೋಡಿದ. ಗುರುತು ಸಿಕ್ಕಿತೋ ಇಲ್ಲವೋ.

ಡೆಲ್ಫೀನ್ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. ನಾನು ಬೆಲೆ ಹೇಳಿದೆ, ಅವಳು ಸರಿ ಎಂದಳು, ಚೆಕ್ಕು ಬರೆದುಕೊಟ್ಟೆ. ಎಣಿಸಿಕೋ ಎಂದು ಹೇಳಿ ಅವಳು ಬಟ್ಟೆಯ ಬುಟ್ಟಿ ಎತ್ತಿಕೊಂಡು ನೆಲಮಾಳಿಗೆಗೆ ಇಳಿದಳು. ಅಲ್ಲಿ ವಾಷಿಂಗ್ ಮೆಷಿನ್ ಇತ್ತು. ಅದು ಶುರುವಾದ ಸದ್ದು ಕೇಳಿಸಿತು.

ನಾನು ಕೈ ತೊಳೆದು, ಮೇಜಿನ ಒಣಗಿದ ಮೂಲೆಯಲ್ಲಿ ಬಟ್ಟೆ ಹಾಸಿ ಎಲೆಗಳನ್ನು ಒಂದೊಂದಾಗಿ ಇಡತೊಡಗಿದೆ. ಎಣಿಸುವಾಗ ಹೆಸರು ಹೇಳುವುದು ನನ್ನ ಹಳೆಯ ರೂಢಿ. ಕೆಟ್ಲು, ಸೌಟು, ಒರಳು, ಬಾಣಲೆ. ಅಡುಗೆಮನೆ ಮುಗಿಯಿತು. ಬಕೆಟ್ಟು, ಲಾಟೀನು, ಇನ್ನೆರಡು. ಕೊಟ್ಟಿಗೆ ಮುಗಿಯಿತು. ಗರಗಸ ಇಟ್ಟೆ. ಅದರ ಪಕ್ಕದಲ್ಲಿ ಮುಂದಿನ ಎಲೆ ಇಟ್ಟು ಕನ್ನಡಕ ಮೇಲೆ ಸರಿಸಿಕೊಳ್ಳುತ್ತಿದ್ದೆ.

"ಕೊಡಲಿ," ಎಂದ ಆರಿನ್.

ಗಿರಣಿಯ ಸದ್ದಿನಲ್ಲೂ ಆಚೆ ಗೋಡೆಗೆ ಕೇಳಿಸುವಂಥ ಅವನ ಹಳೆಯ ದನಿ. ಎಲೆಯ ಮೇಲಿದ್ದದ್ದು ಕೊಡಲಿಯೇ, ನಾನು ಇನ್ನೂ ಆ ಹೆಸರು ಹೇಳಿರಲಿಲ್ಲ. ತಲೆ ಎತ್ತಿದೆ. ಅವನು ಎಲೆಯನ್ನೇ ನೋಡುತ್ತಿದ್ದ. ಎಡಗೈ ಚಾಚಿದ. ಹೆಬ್ಬೆರಳಿನ ತುಂಬ ಸೂಪು. ನಾನು ಏನೂ ಯೋಚಿಸದೆ ಅವನ ಮಣಿಕಟ್ಟು ಹಿಡಿದುಬಿಟ್ಟೆ. ಗಟ್ಟಿಯಾಗಿಯೇ ಹಿಡಿದೆ.

ಅವನು ನನ್ನ ಮುಖ ನೋಡಿದ. ಬಾಯಿ ತೆರೆದು ಇನ್ನೇನನ್ನೋ ಹುಡುಕುತ್ತಿದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಡೆಲ್ಫೀನಳ ಹೆಜ್ಜೆ ಕೇಳಿಸಿತು. ನಾನು ಉಳಿದ ಎಲೆಗಳನ್ನು ಸರಸರನೆ ಎಣಿಸಿ ಪೆಟ್ಟಿಗೆಗೆ ತುಂಬಿದೆ.

ಎಲ್ಲ ಸರಿಯಿದೆಯಾ ಎಂದು ಅವಳು ಕೇಳಿದಳು. ನಲವತ್ತೆಂಟೂ ಇವೆ ಎಂದೆ. ಬೇರೇನೂ ಹೇಳಲಿಲ್ಲ. ನಾನು ಕೋಟು ಹಾಕಿಕೊಳ್ಳುವಾಗ ಆರಿನ್ ಮೂರು ಸಲ ಮಂಗಳವಾರ, ಮಂಗಳವಾರ ಎಂದ. ಕೊನೆಯದನ್ನು ಕೂಗಿಯೇ ಹೇಳಿದ.

"ಹುಷಾರಾಗಿ ಹೋಗು ಅಂತಿದಾನೆ," ಎಂದಳು ಡೆಲ್ಫೀನ್.

ಮನೆಗೆ ಬಂದು ಪೆಟ್ಟಿಗೆಯನ್ನು ನನ್ನ ಬೀರುವಿನಲ್ಲಿಟ್ಟೆ. ಅದಕ್ಕೆಂದು ವರ್ಷಗಳ ಹಿಂದೆಯೇ ಒಂದು ಖಾನೆ ಖಾಲಿ ಬಿಟ್ಟಿದ್ದೆ. ನನಗೆ ನಾನೇ ಹೇಳಿಕೊಂಡದ್ದು ಇಷ್ಟು: ಒಂದು ಪದ, ಬಾಯಿ ತಪ್ಪಿ ಬಂದದ್ದು. ಅದಕ್ಕೆ ಅರ್ಥವಿಲ್ಲ. ಅರ್ಥವಿದ್ದರೂ ಬೇರೆ ಚಿತ್ರ ತೋರಿಸಿದರೆ ಬರುತ್ತದೆ, ಇದೇ ಆಗಬೇಕೆಂದಿಲ್ಲ. ಡೆಲ್ಫೀನ್‌ಗೆ ಕೋಣೆ ಬೇಕಿತ್ತು, ನನಗೆ ಎಲೆ ಬೇಕಿತ್ತು, ಯಾರಿಗೂ ನಾನು ಮೋಸ ಮಾಡಿಲ್ಲ. ಹೀಗೆ ಹೇಳಿಕೊಂಡರೂ ಆ ಬೀರುವಿನ ಬಾಗಿಲು ತೆಗೆಯಲು ಮನಸ್ಸಾಗಲಿಲ್ಲ. ಇಪ್ಪತ್ತೆರಡು ವರ್ಷ ಬಯಸಿದ್ದನ್ನು ನಾಲ್ಕು ದಿನ ನೋಡದೆ ಇದ್ದೆ.

ಐದನೆಯ ದಿನ ಪೆಟ್ಟಿಗೆ ಎತ್ತಿಕೊಂಡು ಪೇಟೆಗೆ ಹೋದೆ. ನಲವತ್ತೆಂಟನ್ನೂ ಬಣ್ಣದಲ್ಲಿ ನಕಲು ತೆಗೆಸಿ, ದಪ್ಪ ಕಾಗದಕ್ಕೆ ಅಂಟಿಸಿ, ಅಳತೆ ಹಿಡಿದು ಕತ್ತರಿಸಿದೆ. ಎರಡು ದಿನದ ಕೆಲಸ. ಬೆನ್ನು ಬಿದ್ದುಹೋಯಿತು. ಆರಿನ್ ನೋಡಿಕೊಂಡು ಕೂರಲಿ, ಅವನಿಗೆ ಹೊತ್ತು ಹೋಗುತ್ತದೆ ಎಂದು ಚೀಟಿ ಬರೆದು, ನಕಲಿನ ಜೊತೆ ಅಂಚೆಯಲ್ಲಿ ಕಳಿಸಿದೆ. ಕೊಡಲಿಯ ಮಾತು ಬರೆಯಲಿಲ್ಲ.

ಎರಡು ದಿನ ಬಿಟ್ಟು ಡೆಲ್ಫೀನ್ ಫೋನ್ ಮಾಡಿದಳು. ಥ್ಯಾಂಕ್ಸ್ ಹೇಳಲು. ಅವನು ನಕಲಿನ ಒಂದೆಲೆಯನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಉಜ್ಜಿ ನೋಡಿ, ಪಕ್ಕಕ್ಕೆ ಎಸೆದನಂತೆ. ಇನ್ನೊಂದು ಕೊಟ್ಟರೂ ಉಜ್ಜಿ ನೋಡಿ ಎಸೆದ. ನಲವತ್ತು ವರ್ಷ ಬಣ್ಣದಲ್ಲಿ ಕೈ ಅದ್ದಿದವನು. ಕುಂಚದ ಬಣ್ಣ ಯಾವುದು, ಮೆಷಿನ್ನಿನ ಬಣ್ಣ ಯಾವುದು ಎಂದು ಬೆರಳಿಗೆ ಗೊತ್ತಾಗಿತ್ತು.

ಫೋನ್ ಇಡುವ ಮುಂಚೆ ಅವಳು ಕೇಳಿದಳು. "ಅಲ್ಲ ವರ್ನಾ, ಅವತ್ತು ನಾನು ಕೆಳಗೆ ಹೋದಾಗ ಅವನೇನಾದ್ರೂ ಮಾಡಿದ್ನಾ? ಆವಾಗಿಂದ ಮೇಜಿನ ಆ ಮೂಲೇನೇ ನೋಡ್ತಾ ಕೂತಿರ್ತಾನೆ. ಕೈಯಲ್ಲಿ ಒರೆಸ್ತಾನೆ. ಏನೋ ಕಳ್ಕೊಂಡಿರೋ ಹಾಗೆ."

ನಾಳೆ ಬರುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.

ಮರುದಿನ ಮಧ್ಯಾಹ್ನ ತಲುಪಿದಾಗ ಡೆಲ್ಫೀನ್ ಇನ್ನೂ ಮಲಗುವ ಬಟ್ಟೆಯಲ್ಲೇ ಇದ್ದಳು. ನಾನು ಕೋಟು ಬಿಚ್ಚದೆ ಆರಿನ್ ಮುಂದೆ ಕೂತು ಪೆಟ್ಟಿಗೆ ತೆಗೆದೆ. ಬಟ್ಟೆ ಹಾಸಲಿಲ್ಲ. ಸೌದೆಮನೆಯ ನಾಲ್ಕು ಎಲೆಗಳನ್ನು ಹುಡುಕಿ ಬರೀ ಮೇಜಿನ ಮೇಲಿಟ್ಟೆ. ಅವನು ಬಹಳ ಹೊತ್ತು ನೋಡಿದ. ತುಟಿ ಅಲುಗಾಡಿತು.

"ಕೊಡಲಿ," ಎಂದ. ಕೈಗೆತ್ತಿಕೊಂಡ. ಈ ಸಲ ನಾನು ತಡೆಯಲಿಲ್ಲ. ನಾನು ಹುಂಜದ ಎಲೆ ಇಟ್ಟೆ. ಅದಕ್ಕೆ ಐದು ನಿಮಿಷವಾದರೂ ಹಿಡಿಯಿತು. ಮೊದಲು ಮಂಗಳವಾರ ಎಂದ, ಅಲ್ಲ ಎಂದು ತಾನೇ ತಲೆಯಾಡಿಸಿದ, ಮತ್ತೆ ಹುಡುಕಿದ. ಕೊನೆಗೆ "ಹುಂಜ" ಬಂತು.

ಡೆಲ್ಫೀನ್ ಕುರ್ಚಿ ಎಳೆದು ಕೂತಳು. ನಾನು ಅವಳ ಮುಖ ನೋಡದೆ ಹೇಳಿದೆ.

"ಅವತ್ತೇ ಹೇಳಿದ್ದ. ಕೊಡಲಿ ಅಂತ. ನೀನು ಕೆಳಗಿದ್ದೆ."

"ಗೊತ್ತಿದ್ದೂ ತಗೊಂಡ್ಹೋದ್ಯಾ?"

"ಹೂಂ."

"ಒಂಬತ್ತು ದಿನ."

"ಹೂಂ, ಒಂಬತ್ತು ದಿನ."

ಅವಳು ಎದ್ದು ಫ್ರಿಜ್ಜಿನ ಹತ್ತಿರ ಹೋದಳು. ನಾನು ಕೊಟ್ಟ ಚೆಕ್ಕು ಅದರ ಬಾಗಿಲಿಗೇ ಸಿಕ್ಕಿಸಿತ್ತು. ಬ್ಯಾಂಕಿಗೆ ಹೋಗಲು ಅವಳಿಗೆ ಪುರಸೊತ್ತು ಎಲ್ಲಿ. ಅದನ್ನು ತಂದು ನನ್ನ ಮುಂದಿಟ್ಟು ಮತ್ತೆ ಕೂತಳು.

"ನಿಂಗೆ ಬೈಯೋಕೂ ತ್ರಾಣ ಇಲ್ಲ ಕಣೇ," ಎಂದಳು. ಎಲೆಗಳನ್ನು ತನ್ನ ಕಡೆ ಎಳೆದುಕೊಂಡು, "ಆಟ ಹೇಗೆ ಆಡೋದು ಅಂತ ಹೇಳ್ಕೊಡು. ಇಪ್ಪತ್ತೆರಡು ವರ್ಷ ಈ ಮನೇಲಿತ್ತು, ಒಂದ್ಸಲಾನೂ ಆಡಿಲ್ಲ."

ನಾನೂ ಆಡಿರಲಿಲ್ಲ. ಪೆಟ್ಟಿಗೆಯ ತಳದಲ್ಲಿದ್ದ ನಿಯಮದ ಹಾಳೆ ಬಿಡಿಸಿ ಓದಿದೆವು. ಎಲೆಗಳನ್ನು ಹಂಚಬೇಕು. ನಿಮ್ಮ ಗುಂಪಿಗೆ ಯಾವ ಎಲೆ ಬೇಕೋ ಅದರ ಹೆಸರು ಹೇಳಿ ಒಬ್ಬರನ್ನು ಕೇಳಬೇಕು. ಇದ್ದರೆ ಅವರು ಕೊಡಬೇಕು, ಇಲ್ಲದಿದ್ದರೆ ಕೇಳುವ ಸರದಿ ಅವರದು. ಅಷ್ಟೇ. ಹೆಸರು ಹೇಳದೆ ಆಟವಿಲ್ಲ.

ಆ ಚಳಿಗಾಲ ಎರಡು ವಾರಕ್ಕೊಮ್ಮೆ ಗುರುವಾರ ನಾನು ಹೋಗುತ್ತಿದ್ದೆ. ಉಳಿದ ದಿನ ಅವರಿಬ್ಬರೇ. ಆರಿನ್‌ನ ಎಲೆಗಳನ್ನು ನಿಲ್ಲಿಸಿಡಲು ಡೆಲ್ಫೀನ್ ಒಂದು ಹಲಗೆಗೆ ಸೀಳು ಹಾಕಿಸಿ ತಂದಳು. ಡಿಸೆಂಬರಿನಲ್ಲಿ ಅವನಿಗೆ ಎಂಟು ಹೆಸರು ಬರುತ್ತಿತ್ತು. ಜನವರಿಯಲ್ಲಿ ಹದಿನೈದು. ಕೆಲವು ಬಂದು ಮತ್ತೆ ಹೋಗುತ್ತಿದ್ದವು. ಕೆಲವು ದಿನ ಒಂದೂ ಬರುತ್ತಿರಲಿಲ್ಲ, ಎಲ್ಲವೂ ಮಂಗಳವಾರವೇ. ಆಗ ಅವನು ಎಡಗೈಯಿಂದ ಮೇಜು ಗುದ್ದುತ್ತಿದ್ದ. ಡೆಲ್ಫೀನ್ ಎಲೆ ಎತ್ತಿಟ್ಟು ಅವನಿಗೆ ತಿನಿಸಲು ಶುರುಮಾಡುತ್ತಿದ್ದಳು. ಅಂಥ ದಿನಗಳೇ ಹೆಚ್ಚು.

ನನ್ನನ್ನು ದೊಡ್ಡ ಮನಸ್ಸಿನವಳು ಎಂದುಕೊಳ್ಳಬೇಡಿ. ಒಂದೊಂದು ಮೂಲೆ ಮಡಚಿಕೊಂಡಾಗಲೂ ಉಗುರಿನಿಂದ ತೀಡಿ ನೆಟ್ಟಗೆ ಮಾಡುತ್ತಿದ್ದೆ. ಲಾಟೀನಿನ ಮೇಲೆ ಕಾಫಿ ಚೆಲ್ಲಿತು. ಹುಂಜದ ಕೆಂಪು ಜುಟ್ಟು ಅವನು ಉಜ್ಜಿ ಉಜ್ಜಿ ಬಿಳಿಚಿಕೊಂಡಿತು. ಕೆಟ್ಲಿನ ಎಲೆಯನ್ನು ಅವನು ಯಾವಾಗಲೋ ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಅದು ವಾಷಿಂಗ್ ಮೆಷಿನ್ನಿಗೆ ಹೋಗಿ ಮುದ್ದೆಯಾಗಿ ಬಂತು. ಡೆಲ್ಫೀನ್ ಆ ಮುದ್ದೆಯನ್ನು ಅಂಗೈಯಲ್ಲಿಟ್ಟು ತೋರಿಸಿದಾಗ ನಾನು ಎದ್ದು ಹೊರಗೆ ಹೋಗಿ, ಹಿಮದಲ್ಲಿ ನಿಂತು, ಕಾರಿನ ಗಾಜು ಕೆರೆದೆ. ಕೆರೆಯುವಂಥದ್ದು ಅದರ ಮೇಲೇನೂ ಇರಲಿಲ್ಲ.

ಫೆಬ್ರವರಿಯಲ್ಲಿ ಪೋರ್ಟ್‌ಲ್ಯಾಂಡಿನ ವ್ಯಾಪಾರಿ ಉಳಿದ ಬೀರುಗಳನ್ನು ಒಯ್ಯಲು ಬಂದ. ನಾನೂ ಇದ್ದೆ. ಸಭ್ಯ ಮನುಷ್ಯ, ಎಲೆಗಳ ಬಗ್ಗೆ ನನಗಿಂತ ಹೆಚ್ಚು ತಿಳಿದವನು. ಮೇಜಿನ ಮೇಲಿದ್ದುದನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಇದಕ್ಕೆ ಏನು ಮಾಡಿದಿರಿ ಎಂದು ಮೆಲ್ಲಗೆ ಕೇಳಿದ.

"ಆಡಿದ್ವಿ," ಎಂದಳು ಡೆಲ್ಫೀನ್.

ಬೀರುಗಳು ಹೋದ ಮೇಲೆ ಕೆಳಗಿನ ಕೋಣೆಗೆ ಮಂಚ ಬಂತು. ಅದರಿಂದ ಅವಳ ಸೊಂಟಕ್ಕೆ ಸ್ವಲ್ಪ ಆರಾಮ ಸಿಕ್ಕಿತು. ನಿದ್ದೆ ಮಾತ್ರ ಸಿಗಲಿಲ್ಲ. ಎಲೆ ಹಿಡಿದುಕೊಂಡೇ ತೂಕಡಿಸುತ್ತಿದ್ದಳು. ನಾನು ಎರಡು ಸಲ ಕೇಳಿದ ಮೇಲೆ ಎಚ್ಚೆತ್ತು, ಇಲ್ಲ, ನನ್ನ ಹತ್ತಿರ ಇಲ್ಲ ಎನ್ನುತ್ತಿದ್ದಳು. ಕೈಯಲ್ಲಿ ಅದೇ ಎಲೆ ಇರುತ್ತಿತ್ತು.

ಮಾರ್ಚಿನ ಕೊನೆಯ ಗುರುವಾರ ಆದದ್ದು ಇದು. ಆರಿನ್‌ನ ಸರದಿ. ಅವನಿಗೆ ಗರಗಸ ಬೇಕಿತ್ತು, ಅದು ಡೆಲ್ಫೀನಳ ಹತ್ತಿರ ಇದೆಯೆಂದು ನನಗೂ ಗೊತ್ತಿತ್ತು. ಅವನು ಅವಳ ಕಡೆ ತಿರುಗಿದ. ಅವಳ ಗದ್ದ ಎದೆಗೆ ತಾಗಿತ್ತು. ಅವನು ಕಾದ. ಬಾಯಿ ತೆರೆದ, ಮುಚ್ಚಿದ. ಕತ್ತಿನ ನರ ಉಬ್ಬಿತು. ಗರಗಸಕ್ಕೆ ಇಷ್ಟು ಕಷ್ಟಪಡುತ್ತಿದ್ದಾನಲ್ಲ, ಆ ಪದ ಅವನಿಗೆ ಜನವರಿಯಲ್ಲೇ ಬಂದಿತ್ತಲ್ಲ ಎಂದುಕೊಂಡೆ.

"ಡೆಲ್ಫೀನ್," ಎಂದ.

ಅವಳು ತಲೆ ಎತ್ತಿದಳು. ಏಪ್ರಿಲಿನಿಂದ ಆ ಹೆಸರು ಅವನ ಬಾಯಲ್ಲಿ ಬಂದಿರಲಿಲ್ಲ. ನಲವತ್ತೆಂಟು ಎಲೆಯಲ್ಲಿ ಯಾವುದರಲ್ಲೂ ಆ ಹೆಸರಿಲ್ಲ.

"ಡೆಲ್ಫೀನ್. ಮಲಕ್ಕೋ."

ಅವಳು ಅಳಲಿಲ್ಲ. ತನ್ನ ಎಲೆಗಳನ್ನು ಬೋರಲಾಗಿ ಮೇಜಿನ ಮೇಲಿಟ್ಟು, ಅವನ ಕತ್ತಿನ ಬಟ್ಟೆ ಸರಿಮಾಡಿ, ನನ್ನ ಕಡೆ ನೋಡಿದಳು. ನಾನಿದ್ದೇನೆ ಹೋಗು ಎಂದೆ. ಕೆಳಗಿನ ಕೋಣೆಗೆ ಹೋಗಿ ಅವನ ಮಂಚದ ಮೇಲೆಯೇ ಮಲಗಿದಳು. ಒಂದೇ ಬೂಟು ಬಿಚ್ಚಿದ ಸದ್ದು ಕೇಳಿಸಿತು. ಇನ್ನೊಂದನ್ನು ಬಿಚ್ಚುವ ಮುಂಚೆ ನಿದ್ದೆ ಹೋಗಿರಬೇಕು. ಸಂಜೆಯವರೆಗೆ ನಾನೂ ಅವನೂ ಆಡಿದೆವು. ಅವನು ನನ್ನನ್ನು ಎರಡು ಸಲ ಸೋಲಿಸಿದ. ನಾನು ಸೂಪು ಬಿಸಿ ಮಾಡಿ ತಿನಿಸಿದೆ. ತಿನಿಸುವುದು ಎಷ್ಟು ನಿಧಾನದ ಕೆಲಸ ಎಂದು ಆವತ್ತು ತಿಳಿಯಿತು.

ಅಲ್ಲಿಂದ ಪ್ರತಿ ಗುರುವಾರವೂ ಹೋಗತೊಡಗಿದೆ. ಅವಳು ಮಲಗುತ್ತಿದ್ದಳು, ನಾವು ಆಡುತ್ತಿದ್ದೆವು. ಅವನ ಮಾತು ಪೂರ್ತಿ ಮರಳಲಿಲ್ಲ. ಮೂವತ್ತಮೂರು ಎಲೆಗಳ ಹೆಸರು, ಅದರಾಚೆ ಹತ್ತು ಹನ್ನೆರಡು ಪದ. ನೀರು, ಸಾಕು, ನೋವು, ಕಿಟಕಿ. ಅಷ್ಟರಲ್ಲಿ ಒಂದು ಮನೆ ನಡೆಯುತ್ತದೆ ಎಂದು ಡೆಲ್ಫೀನ್ ಹೇಳುತ್ತಿದ್ದಳು. ಇಪ್ಪತ್ತು ವಸ್ತು ತರುವ ಬದಲು ಈಗ ಒಂದೇ ತಂದರೆ ಆಗುತ್ತಿತ್ತು. ಹಾಗೆ ಇನ್ನೊಂದು ಚಳಿಗಾಲದವರೆಗೆ ನಡೆಯಿತು. ಆ ಫೆಬ್ರವರಿಯಲ್ಲಿ ಶ್ವಾಸಕೋಶಕ್ಕೆ ಸೋಂಕು ತಗುಲಿ ಆರಿನ್ ಆಸ್ಪತ್ರೆಯಲ್ಲಿ ತೀರಿಕೊಂಡ.

ಸಂಗ್ರಹಕಾರರ ಸಂಘದವರು ಈಗಲೂ ಕೇಳುತ್ತಾರೆ, ಪೆಲ್ಕಿಯ ಆ ಕಟ್ಟು ಏನಾಯಿತು ಎಂದು. ಪೂರ್ತಿ ಇಲ್ಲ, ನಲವತ್ತೇಳಿದೆ, ಸ್ಥಿತಿ ಚೆನ್ನಾಗಿಲ್ಲ ಎನ್ನುತ್ತೇನೆ. ಮತ್ತೆ ಕೇಳುವುದಿಲ್ಲ.

ಅದು ಡೆಲ್ಫೀನಳ ಅಡುಗೆಮನೆಯ ಡ್ರಾಯರಿನಲ್ಲಿದೆ, ರಬ್ಬರ್ ಬ್ಯಾಂಡು ಹಾಕಿ. ತಿಂಗಳಿಗೊಮ್ಮೆ ಹೋಗುತ್ತೇನೆ. ಕಾಫಿಯಾದ ಮೇಲೆ ಅವಳೇ ತೆಗೆದು ಹಂಚುತ್ತಾಳೆ. ಇಬ್ಬರೇ ಆಡಿದರೆ ಆ ಆಟದಲ್ಲಿ ಸ್ವಾರಸ್ಯವಿಲ್ಲ. ನನ್ನ ಕೈಯಲ್ಲಿ ಇಲ್ಲದ್ದೆಲ್ಲ ಅವಳ ಕೈಯಲ್ಲೇ ಇರುತ್ತದೆ. ಆದರೂ ಹೆಸರು ಹಿಡಿದು ಕೇಳುತ್ತೇವೆ, ಕೊಡುತ್ತೇವೆ. ಕತ್ತಲಾಗುವ ಮುಂಚೆ ನಾನು ಹೊರಡಬೇಕು. ಕಣ್ಣು ಈಗ ಅಷ್ಟು ಚೆನ್ನಾಗಿಲ್ಲ.